ಧೂಳೋ ಬೂಷ್ಟೋ? – ನೋಡಿ ಒರೆಸುವ ಧರ್ಮ

ಶ್ರಾವಕನ ಮನೆಯಲ್ಲಿ ದಿನನಿತ್ಯವೂ ನಡೆಯುವ ಕೆಲಸಗಳಲ್ಲಿ ಗುಡಿಸುವುದು, ಒರೆಸುವುದು ಮೊದಲನೆಯವು. ಅವುಗಳಲ್ಲಿ ವಿಚಾರಮಾಡಬೇಕಾದುದು ಏನಿದೆ ಎಂದು ಬಹುಮಂದಿ ಭಾವಿಸುತ್ತಾರೆ. ಅರವತ್ತು ವರ್ಷ ದಾಟುವವರೆಗೆ ನಾನೂ ಹಾಗೆಯೇ ಭಾವಿಸಿದ್ದೆನು. ನೀರನ್ನು ಸೋಸುವುದರಲ್ಲಿ, ರಾತ್ರಿಭೋಜನವನ್ನು ಬಿಡುವುದರಲ್ಲಿ, ಕಂದಮೂಲಗಳನ್ನು ವರ್ಜಿಸುವುದರಲ್ಲಿ ಅಹಿಂಸೆಯನ್ನು ಕಂಡಿದ್ದವನಿಗೆ, ಒರೆಸುವ ಬಟ್ಟೆಯಲ್ಲಿಯೂ ಅದೇ ಪ್ರಶ್ನೆ ಅಡಗಿದೆಯೆಂಬುದು ಕಂಡಿರಲಿಲ್ಲ. ಅದು ಕಂಡ ದಿನದ ಸಂಗತಿಯನ್ನು ಮೊದಲು ಹೇಳಿ, ಆಮೇಲೆ ವಿಚಾರಕ್ಕೆ ಬರುತ್ತೇನೆ.

ಕೆಲವು ವರ್ಷಗಳ ಹಿಂದೆ, ಭಾದ್ರಪದದ ದಶಲಕ್ಷಣ ಪರ್ವದ ನಾಲ್ಕನೆಯ ದಿನ. ತಿಥಿ ಅಷ್ಟಮಿ, ಆ ದಿನದ ಧರ್ಮ ಉತ್ತಮ ಶೌಚ. ನಾನು ಪ್ರೋಷಧೋಪವಾಸದಲ್ಲಿದ್ದೆನು. ನಮ್ಮ ಸೊಸೆ ಹತ್ತು ದಿನವೂ ಏಕಾಶನದ ನಿಯಮವನ್ನು ತೆಗೆದುಕೊಂಡಿದ್ದಳು. ತುಮಕೂರಿನಲ್ಲಿ ಆ ತಿಂಗಳು ಮಳೆ ಬಲವಾಗಿಯೇ ಹಿಡಿದಿತ್ತು; ನಮ್ಮ ಜಿಲ್ಲೆಗೆ ಮುಂಗಾರಿನ ಆರಂಭಕ್ಕಿಂತ ಭಾದ್ರಪದ, ಆಶ್ವೀಜಗಳ ಮಳೆಯೇ ಹೆಚ್ಚೆಂಬುದು ಎಲ್ಲರೂ ಬಲ್ಲ ವಿಷಯ. ಸ್ವಾಧ್ಯಾಯಕ್ಕೆಂದು ಶಾಸ್ತ್ರದ ಬೀರುವನ್ನು ತೆರೆದಾಗ, ಕೆಳಗಿನ ಹಲಗೆಯ ಮೇಲೂ ಗ್ರಂಥಗಳ ಕೆಂಪು ವಸ್ತ್ರದ ಮೇಲೂ ಬೂದುಬಣ್ಣದ ತೆಳುವಾದ ಪದರವೊಂದು ಕಂಡಿತು. ‘ಎಷ್ಟು ಧೂಳು ಕೂತಿದೆ’ ಎಂದುಕೊಂಡು, ಹೆಗಲ ಮೇಲಿದ್ದ ಒದ್ದೆ ಪಂಚೆಯಿಂದಲೇ ಹಲಗೆಯನ್ನೂ ವಸ್ತ್ರವನ್ನೂ ಗಂಟಿನ ಮೇಲಿದ್ದ ನಮ್ಮ ತಂದೆಯವರ ಕೈಬರಹದ ಪುಸ್ತಕವನ್ನೂ ಬರಬರನೆ ಒರೆಸಿದೆನು.

ಬಾಗಿಲಲ್ಲಿ ನಿಂತಿದ್ದ ಸೊಸೆ ಮೆಲ್ಲಗೆ ಹೇಳಿದಳು: “ಮಾವ, ಒಂದು ನಿಮಿಷ ನಿಲ್ಲಿಸಿ. ಅದು ಧೂಳಲ್ಲ ಅಂತ ಕಾಣುತ್ತೆ. ಬೂಷ್ಟು ಇರಬೇಕು.”

ನಾನು ಬಗ್ಗಿ ನೋಡಿದೆನು. ಒರೆಸದೆ ಉಳಿದಿದ್ದ ಮೂಲೆಯಲ್ಲಿ ಪದರವು ಸಮನಾಗಿ ಹರಡಿರಲಿಲ್ಲ. ಕಾಸಿನಗಲದ ದುಂಡುದುಂಡಾದ ಮಚ್ಚೆಗಳಾಗಿದ್ದವು. ಹಿಂದಿನ ಗೋಡೆಯೂ ತೇವವಾಗಿತ್ತು. ಪಾಠಶಾಲೆಯ ದಿನಗಳಿಂದ ಉಳಿದಿದ್ದ ಭೂತಗನ್ನಡಿಯನ್ನು ಹಿಡಿದಾಗ ಅಂಚಿನಲ್ಲಿ ಹತ್ತಿಯ ಎಳೆಗಿಂತಲೂ ನವುರಾದ ತಂತುಗಳು ಎದ್ದು ನಿಂತಿದ್ದುದು ಸ್ಪಷ್ಟವಾಯಿತು. ಪಂಚೆಯಲ್ಲಿ ಹಸಿರು-ಕಪ್ಪು ಕಲೆ. ತಂದೆಯವರ ಪುಸ್ತಕದಲ್ಲಿ ಹನ್ನೊಂದು ಪುಟಗಳ ಮಸಿ ಕದಡಿಹೋಗಿತ್ತು. ಅದೇ ಕೋಣೆಯಲ್ಲಿ ಮಲಗುತ್ತಿದ್ದ ಮೊಮ್ಮಗನಿಗೆ ಆಷಾಢದಿಂದ ಕೆಮ್ಮು, ಉಬ್ಬಸ. ಮೂರು ಸಂಗತಿಗಳೂ ಒಂದೇ ಕ್ಷಣದಲ್ಲಿ ಒಂದಕ್ಕೊಂದು ಸೇರಿಕೊಂಡವು.

ಶ್ರಾವಕಾಚಾರವನ್ನು ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟವನು ನಾನು. ನೋಡದೆ ಒರೆಸಿದವನೂ ನಾನೇ.

ಧೂಳಿಗೂ ಬೂಷ್ಟಿಗೂ ಇರುವ ಅಂತರವನ್ನು ನಮ್ಮ ಆಚಾರ್ಯರು ಅರಿಯದವರೇನಲ್ಲ. ವಟ್ಟಕೇರಾಚಾರ್ಯರ ಮೂಲಾಚಾರದಲ್ಲಿ ವನಸ್ಪತಿಕಾಯದ ಪ್ರಕರಣದಲ್ಲಿ ಶೈವಾಲ, ಪನಕ, ಕವಕ, ಕುಹನ ಮುಂತಾದ ಹೆಸರುಗಳು ಬರುತ್ತವೆ. ಟೀಕಾಕಾರರಾದ ವಸುನಂದಿಗಳು ಅವುಗಳನ್ನು ಒಂದೊಂದಾಗಿ ಬಿಡಿಸಿ ಹೇಳಿದ್ದಾರೆ. ನೀರಿನಲ್ಲಿ ಬೆಳೆಯುವುದು ಶೈವಾಲ. ನೆಲದ ಮೇಲೆ, ಇಟ್ಟಿಗೆಯ ಮೇಲೆ ಹಬ್ಬುವುದು ಪನಕ. ಆಹಾರ, ಗಂಜಿ ಮೊದಲಾದವುಗಳ ಮೇಲೆ ಹೂವಿನಂತೆ ಏಳುವುದು ಕುಹನ. ಕೊಡೆಯಂತೆ ತಲೆಯೆತ್ತುವ ಅಣಬೆಯ ಜಾತಿಗಳೂ ಅಲ್ಲಿ ಸೇರಿವೆ. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ, ಹಳಸಿದ ಗಂಜಿಯ ಮೇಲಿನ ಬಿಳಿಯ ಹೂವು ಜೀವವೆಂದು ಕಂಡು ಅದಕ್ಕೆ ಒಂದು ಹೆಸರನ್ನಿಟ್ಟ ಕಣ್ಣು ಎಂತಹ ಕಣ್ಣಾಗಿರಬೇಕು! ನಮ್ಮ ಪರಂಪರೆ ಇವನ್ನು ಅನಂತಕಾಯವೆಂದು ಭಾವಿಸಿದೆ. ಎಂದರೆ ಒಂದೇ ಶರೀರವನ್ನು ಅನಂತ ಜೀವಗಳು ಆಶ್ರಯಿಸಿ, ಕೂಡಿಯೇ ಉಸಿರಾಡಿ ಕೂಡಿಯೇ ಅಳಿಯುವಂತಹವು.

ಆಧುನಿಕ ವಿಜ್ಞಾನವು ಇವನ್ನು ಶಿಲೀಂಧ್ರವೆಂದು ಕರೆದು, ಸಸ್ಯಗಳಿಂದ ಬೇರ್ಪಡಿಸಿದೆ. 1969ರಲ್ಲಿ ವಿಟೇಕರ್ ಎಂಬ ವಿಜ್ಞಾನಿ ಜೀವಜಗತ್ತನ್ನು ಐದು ಸಾಮ್ರಾಜ್ಯಗಳಾಗಿ ವಿಂಗಡಿಸಿದಾಗ ಶಿಲೀಂಧ್ರಗಳಿಗೆ ಪ್ರತ್ಯೇಕ ಸ್ಥಾನವನ್ನು ಕೊಟ್ಟನು. ವರ್ಗೀಕರಣ ಬೇರೆಯಾಗಬಹುದು, ಆದರೆ ಅದು ಉಣ್ಣುತ್ತದೆ, ಬೆಳೆಯುತ್ತದೆ, ಸಂತತಿಯನ್ನು ಬಿಡುತ್ತದೆ, ಸಾಯುತ್ತದೆ ಎಂಬಲ್ಲಿ ಆಗಮಕ್ಕೂ ವಿಜ್ಞಾನಕ್ಕೂ ಭೇದವಿಲ್ಲ. ನಮ್ಮ ವ್ರತಕ್ಕೆ ಬೇಕಾದುದು ಅಷ್ಟೇ.

ಧೂಳಿನ ಸ್ಥಿತಿ ಬೇರೆ. ಪೃಥ್ವೀಕಾಯಿಕ ಜೀವವು ಬಿಟ್ಟುಹೋದ ಶರೀರಕ್ಕೆ ಪೃಥ್ವೀಕಾಯವೆಂದು ಸರ್ವಾರ್ಥಸಿದ್ಧಿಯಲ್ಲಿ ಹೆಸರಿದೆ. ನಡೆದು ತುಳಿದು ಗಾಳಿಯಲ್ಲಿ ಸುತ್ತಾಡಿ ಮನೆಯೊಳಗೆ ಬಂದು ಕುಳಿತ ಮಣ್ಣಿನ ಪುಡಿ ಅಂತಹ ಅಚಿತ್ತ ವಸ್ತು. ಮನೆಯ ಧೂಳಿನಲ್ಲಿ ಮಣ್ಣಷ್ಟೇ ಅಲ್ಲದೆ ಬಟ್ಟೆಯ ನಾರು, ನಮ್ಮ ಚರ್ಮದಿಂದ ಉದುರಿದ ಹೊಟ್ಟು, ಹೊಗೆಯ ಕಣ, ಹೂವಿನ ಪರಾಗ ಇವೆಲ್ಲ ಬೆರೆತಿರುತ್ತವೆ. ಹಾಗೆಂದು ಧೂಳೆಲ್ಲವೂ ನಿರ್ಜೀವವೆಂದು ನಿಶ್ಚಿಂತರಾಗುವಂತಿಲ್ಲ. ಹಾಸಿಗೆ ದಿಂಬುಗಳ ಹಳೆಯ ಧೂಳಿನಲ್ಲಿ, ವಾತಾವರಣದಲ್ಲಿ ತೇವವಿದ್ದರೆ, ಒಂದು ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟಿರುವ ಎಂಟುಕಾಲಿನ ನುಸಿಗಳು ಚರ್ಮದ ಹೊಟ್ಟನ್ನೇ ತಿಂದು ಬದುಕುತ್ತವೆ. ಇವು ತ್ರಸಜೀವಗಳು. ಬೂಷ್ಟಿನ ಬೀಜಕಣಗಳೂ ಎಲ್ಲ ಮನೆಗಳ ಗಾಳಿಯಲ್ಲಿ, ಧೂಳಿನಲ್ಲಿ ಇದ್ದೇ ಇರುತ್ತವೆ; ಒಣಗಿರುವವರೆಗೆ ಬೆಳೆಯದೆ ಸುಮ್ಮನಿರುತ್ತವೆ. ನೀರು ತಗುಲಿದಾಗ ಬೇರುಬಿಟ್ಟು ತಂತುವಾಗಿ ಹಬ್ಬುತ್ತವೆ. ಆದುದರಿಂದ ಧೂಳಿಗೂ ಬೂಷ್ಟಿಗೂ ನಡುವೆ ನಿಂತಿರುವುದು ತೇವ. ಈ ಒಂದು ಮಾತನ್ನು ಓದುಗರು ನೆನಪಿನಲ್ಲಿಡಬೇಕು; ಮುಂದಿನ ಧರ್ಮವಿಚಾರವೆಲ್ಲ ಇದರ ಮೇಲೆಯೇ ನಿಂತಿದೆ.

ಇನ್ನು ಗುರುತಿಸುವ ಬಗೆ. ಧೂಳು ಮೇಲಿನಿಂದ ಬೀಳುವಂತಹುದು. ಮಲಗಿದ ಹಲಗೆಯ ಮೇಲೆ, ಕಿಟಕಿಯ ಕಟ್ಟೆಯ ಮೇಲೆ, ಪಟದ ಚೌಕಟ್ಟಿನ ಮೇಲಂಚಿನಲ್ಲಿ ಸಮನಾಗಿ ಕುಳಿತುಕೊಳ್ಳುತ್ತದೆ. ಬೂಷ್ಟಿಗೆ ಮೇಲು ಕೆಳಗೆಂಬ ನಿಯಮವಿಲ್ಲ. ನೆಟ್ಟನೆಯ ಗೋಡೆಯ ಮೇಲೆ, ಬೀರುವಿನ ಹಿಂಬದಿಗೆ, ಹಲಗೆಯ ತಳಕ್ಕೂ ಅದು ಹಿಡಿಯುತ್ತದೆ. ಒಂದು ಬಿಂದುವಿನಿಂದ ಸುತ್ತಲೂ ದುಂಡಾಗಿ ಹರಡುತ್ತದೆ. ಧೂಳನ್ನು ಒರೆಸಿದರೆ ಜಾಗ ಸ್ವಚ್ಛವಾಗಿ, ಮತ್ತೆ ಎಲ್ಲ ಕಡೆಯೂ ಮೆಲ್ಲಮೆಲ್ಲನೆ ಕೂರುತ್ತದೆ. ಬೂಷ್ಟನ್ನು ಒರೆಸಿದರೆ ಕಲೆ ಎಳೆದುಕೊಂಡು ಹೋಗುತ್ತದೆ; ನಾಲ್ಕು ದಿನದಲ್ಲಿ ಅದೇ ಜಾಗದಲ್ಲಿ ಅದೇ ಆಕಾರದಲ್ಲಿ ತಿರುಗಿ ಬರುತ್ತದೆ. ಧೂಳಿಗೆ ಒಣವಾಸನೆ, ಬೂಷ್ಟು ಹಿಡಿದ ಕೋಣೆಯ ಬಾಗಿಲು ತೆರೆದೊಡನೆ ಮುಗ್ಗುಲು ವಾಸನೆ ಮೂಗಿಗೆ ಹೊಡೆಯುತ್ತದೆ. ಮೂರನೆಯದೊಂದುಂಟು. ಇಟ್ಟಿಗೆಯ ಗೋಡೆಯಿಂದ ಉಪ್ಪು ಹೊರಬಂದು ಬೆಳ್ಳಗೆ ಪುಡಿಪುಡಿಯಾಗಿ ನಿಲ್ಲುತ್ತದೆ. ಇದನ್ನು ಹಲವರು ಬೂಷ್ಟೆಂದು ಭ್ರಮಿಸುತ್ತಾರೆ. ಒಂದು ಹನಿ ಸೋಸಿದ ನೀರನ್ನು ತಾಗಿಸಿದರೆ ಉಪ್ಪು ಕರಗಿಹೋಗುತ್ತದೆ, ಬೂಷ್ಟು ಕರಗುವುದಿಲ್ಲ. ಉಪ್ಪು ನಿರ್ಜೀವವೇ ಆದರೂ ಗೋಡೆಯಲ್ಲಿ ನೀರು ಹರಿದಾಡುತ್ತಿದೆಯೆಂಬುದಕ್ಕೆ ಅದೇ ಸಾಕ್ಷಿ.

ಬಟ್ಟೆಯ ಕಲೆ ತೆಗೆಯುವ ಬಿಳುಪುದ್ರವದ ಒಂದು ಹನಿಯನ್ನು ಇಟ್ಟು, ಬಣ್ಣ ಕೂಡಲೇ ಮಸುಕಾದರೆ ಬೂಷ್ಟು, ಇಲ್ಲದಿದ್ದರೆ ಕೊಳೆ ಎಂದು ತಿಳಿಯುವ ವಿಧಾನವೂ ಬಳಕೆಯಲ್ಲಿದೆ. ಲೋಕದ ದೃಷ್ಟಿಯಲ್ಲಿ ಅದು ಸುಲಭವಾದ ಪರೀಕ್ಷೆಯಿರಬಹುದು. ನಮಗೆ ಅದು ಸಲ್ಲದು. ಜೀವವುಂಟೋ ಇಲ್ಲವೋ ಎಂದು ತಿಳಿಯಲು ಆ ಜೀವವನ್ನೇ ಕೊಲ್ಲುವುದಾದರೆ, ತಿಳಿದ ಫಲವೇನು? ಕಣ್ಣು, ಮೂಗು, ಭೂತಗನ್ನಡಿ, ನಾಲ್ಕು ದಿನದ ತಾಳ್ಮೆ, ಇವೇ ಶ್ರಾವಕನ ಪರೀಕ್ಷಾಸಾಧನಗಳು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಗುಬ್ಬಿಯಲ್ಲಿರುವ ನಮ್ಮ ಹಿರಿಯ ನೆಂಟರೊಬ್ಬರು, ತೆಂಗಿನ ತೋಟದವರು, ಶಾಸ್ತ್ರವನ್ನು ಕೇಳಿ ಬಲ್ಲವರು, ಈ ಸಂಗತಿಯನ್ನು ಕೇಳಿ ನಕ್ಕು ಹೇಳಿದರು: “ಮೇಷ್ಟ್ರೇ, ನೀವು ಸುಮ್ಮನೆ ಗಂಟು ಕಟ್ಟಿಕೊಂಡಿರಿ. ಧೂಳೆಂದು ಒರೆಸಿದ್ದರೆ ಅಜ್ಞಾತಭಾವ, ಆಸ್ರವ ಮಂದ. ಬೂಷ್ಟೆಂದು ತಿಳಿದು ಒರೆಸಿದರೆ ಜ್ಞಾತಭಾವ, ಆಸ್ರವ ತೀವ್ರ. ಹೇಗೂ ಒರೆಸಲೇಬೇಕಾದ ಮೇಲೆ ತಿಳಿಯದಿರುವುದೇ ಲಾಭವಲ್ಲವೇ?”

ಮಾತು ಹಾಸ್ಯದ್ದಾದರೂ ಪ್ರಶ್ನೆ ಹಾಸ್ಯದ್ದಲ್ಲ. ತೀವ್ರ, ಮಂದ, ಜ್ಞಾತ, ಅಜ್ಞಾತ ಭಾವಗಳಿಂದ ಆಸ್ರವದಲ್ಲಿ ಭೇದವಾಗುತ್ತದೆಯೆಂದು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವೇ ಹೇಳುತ್ತದೆ. ಹಾಗಾದರೆ ಅರಿವು ನಮಗೆ ಹೊರೆಯೇ? ಹಲವು ದಿನ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಉತ್ತರವು ಪೂಜ್ಯಪಾದರ ವ್ಯಾಖ್ಯಾನದಲ್ಲಿಯೇ ದೊರೆಯಿತು. ಅಜ್ಞಾತವೆಂದರೇನು ಎಂದು ವಿವರಿಸುವಾಗ ಅವರು ಮದದಿಂದಲೋ ಪ್ರಮಾದದಿಂದಲೋ ಅರಿಯದೆ ಪ್ರವರ್ತಿಸುವುದು ಎಂದಿದ್ದಾರೆ. ಅಜ್ಞಾತದ ಬೆನ್ನಿಗೇ ಪ್ರಮಾದ ನಿಂತಿದೆ. ಹಿಂಸೆಯ ಲಕ್ಷಣವನ್ನು ಹೇಳುವಾಗಲೂ ಉಮಾಸ್ವಾಮಿಗಳು ಪ್ರಾಣಹರಣಕ್ಕೆ ಮೊದಲು ಪ್ರಮಾದವನ್ನೇ ಇಟ್ಟಿದ್ದಾರೆ. ಜೀವ ಸಾಯಲಿ ಬದುಕಲಿ, ಯತ್ನವಿಲ್ಲದೆ ನಡೆದುಕೊಳ್ಳುವವನಿಗೆ ಹಿಂಸೆ ನಿಶ್ಚಿತವೆಂದೂ, ಸಮಿತಿಯಿಂದ ನಡೆಯುವವನಿಗೆ ಜೀವಘಾತವಾದ ಮಾತ್ರಕ್ಕೆ ಬಂಧವಿಲ್ಲವೆಂದೂ ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ ಮುನಿಧರ್ಮದ ಸಂದರ್ಭದಲ್ಲಿ ಸಾರಿದ್ದಾರೆ.

ಆದುದರಿಂದ ತಿಳಿಯಬಹುದಾದುದನ್ನು ತಿಳಿಯದಿರಲೆಂದು ಕಣ್ಣುಮುಚ್ಚಿಕೊಳ್ಳುವುದು ಅಜ್ಞಾನದ ರಿಯಾಯಿತಿಯನ್ನು ಕೊಡುವುದಿಲ್ಲ. ಅದೇ ಒಂದು ಪ್ರಮಾದ. ಸಾಲದ ಪತ್ರವನ್ನು ಓದದೆ ಮಡಿಸಿಟ್ಟವನಿಗೆ ಸಾಲ ತೀರುವುದಿಲ್ಲ. ಮೇಲಾಗಿ, ನೆಂಟರ ವಾದದಲ್ಲಿ ‘ಹೇಗೂ ಒರೆಸಲೇಬೇಕಾದ ಮೇಲೆ’ ಎಂಬ ಮಾತಿದೆಯಲ್ಲ, ದೋಷ ಅಲ್ಲಿದೆ. ತಿಳಿದವನು ತಿಳಿಯದವನಂತೆಯೇ ಒರೆಸುವುದಿಲ್ಲ. ಅವನು ಕೈಯನ್ನು ತಡೆಯುತ್ತಾನೆ, ಕಾರಣವನ್ನು ಹುಡುಕುತ್ತಾನೆ, ಹಿಂಸೆಯನ್ನು ಕಡಿಮೆಮಾಡುವ ದಾರಿಯನ್ನು ನೋಡುತ್ತಾನೆ. ಅರಿವಿನಿಂದ ಹೊರೆ ಹೆಚ್ಚುವುದು ಅರಿತೂ ಹಿಂದಿನಂತೆಯೇ ನಡೆದರೆ ಮಾತ್ರ.

ನೆಂಟರ ಅಟ್ಟದಲ್ಲಿಯೇ ಇದಕ್ಕೆ ದೃಷ್ಟಾಂತವಿತ್ತು. ನಮ್ಮ ಸೀಮೆಯಲ್ಲಿ ಬಲಿತ ತೆಂಗಿನಕಾಯಿಗಳನ್ನು ಅಟ್ಟಕ್ಕೆ ಹಾಕಿ, ಒಂದು ವರ್ಷದ ಸುಮಾರಿಗೆ ಒಳಗೇ ಒಣಗಿದ ಕೊಬ್ಬರಿಯನ್ನು ತೆಗೆಯುತ್ತಾರೆ. ಸಿಪ್ಪೆಯ ಮೇಲೆ ಕುಳಿತಿರುವುದು ಧೂಳು; ಅದರಿಂದ ಕೊಬ್ಬರಿಗೆ ಹಾನಿಯಿಲ್ಲ. ಒಡೆದಾಗ ಒಳಗೆ ಹಸಿರೋ ಕಪ್ಪೋ ಕಂಡರೆ ಅದು ಬೂಷ್ಟು. ಎರಡನ್ನೂ ಒಂದೇ ಬಟ್ಟೆಯಿಂದ ಒರೆಸಿ ಒಂದೇ ರಾಶಿಗೆ ಹಾಕುವ ರೈತನುಂಟೇ? ವ್ಯಾಪಾರಕ್ಕಾಗಿ ಕಾಣುವ ಭೇದವು ವ್ರತಕ್ಕಾಗಿ ಕಾಣಬಾರದೇಕೆ? ಈ ಮಾತನ್ನು ಕೇಳಿ ಅವರು ಮತ್ತೆ ನಕ್ಕರು. ಆದರೆ ವಾದವನ್ನು ಮುಂದುವರಿಸಲಿಲ್ಲ.

ಆಹಾರದ ವಿಷಯದಲ್ಲಂತೂ ಈ ವಿವೇಕ ಅತ್ಯಗತ್ಯ. ಹಿಟ್ಟಿಗೆ ಮಳೆಗಾಲದಲ್ಲಿ 3 ದಿನ, ಬೇಸಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನ ಎಂದು ನಮ್ಮ ಹಿರಿಯರು ಮರ್ಯಾದೆಯನ್ನಿಟ್ಟರು. ತೇವವಿರುವ ಋತುವಿಗೆ ಅತ್ಯಂತ ಕಡಿಮೆ ದಿನಗಳನ್ನು ಇಟ್ಟಿರುವುದನ್ನು ಗಮನಿಸಬೇಕು. ಬಣ್ಣ, ರುಚಿ, ವಾಸನೆ ಕೆಟ್ಟ ಪದಾರ್ಥವನ್ನು ಚಲಿತರಸವೆಂದು ಅಭಕ್ಷ್ಯಗಳಲ್ಲಿ ಸೇರಿಸಿದರು. ಹಪ್ಪಳದ ಮೇಲಿನ ಬೂಷ್ಟನ್ನು ‘ಧೂಳು’ ಎಂದು ಕೊಡವಿ ಬಿಸಿಲಿಗಿಟ್ಟು ಕರಿಯುವ ರೂಢಿ ಕೆಲವೆಡೆ ಇದೆ. ಮೇಲೆ ಕಾಣುವುದು ಅದರ ಹೂವು ಮಾತ್ರ; ತಂತುಗಳು ಕಣ್ಣಿಗೆ ಕಾಣದಂತೆ ಒಳಗೆ ಇಳಿದಿರುತ್ತವೆ. ಕಡಲೆಕಾಯಿ, ಜೋಳ, ಕೊಬ್ಬರಿಗಳಿಗೆ ಹಿಡಿಯುವ ಒಂದು ಬಗೆಯ ಬೂಷ್ಟು ಅಫ್ಲಟಾಕ್ಸಿನ್ ಎಂಬ ವಿಷವನ್ನು ಬಿಡುತ್ತದೆ. ಸಾಧಾರಣ ಬೇಯಿಸುವಿಕೆಯಿಂದ ಆ ವಿಷ ನಾಶವಾಗದು. 1974ರಲ್ಲಿ ರಾಜಸ್ಥಾನ, ಗುಜರಾತುಗಳ ಹಳ್ಳಿಗಳಲ್ಲಿ ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಮುಸುಕಿನ ಜೋಳವನ್ನು ತಿಂದು ನೂರಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಅವರು ತಿಳಿಯದೆ ತಿಂದವರಲ್ಲ, ಬಡತನದಿಂದ ತಿಂದವರು. ಅನ್ನಕ್ಕೆ ಕೊರತೆಯಿಲ್ಲದ ನಾವು ಆಲಸ್ಯದಿಂದ ತಿಂದರೆ ಅದಕ್ಕೆ ಏನನ್ನಬೇಕು?

ಇನ್ನು ಮೂಲಪ್ರಶ್ನೆ. ಗೋಡೆಯ ಮೇಲೆ ಬೂಷ್ಟು ಬೆಳೆದಿದೆ; ಅದು ಜೀವವೆಂದು ತಿಳಿದಿದೆ. ಶ್ರಾವಕನು ಅದನ್ನು ತೆಗೆಯಬಹುದೇ?

ತೆಗೆಯಬಾರದೆಂದರೆ ಅದು ದಿನದಿನಕ್ಕೂ ಹಬ್ಬುತ್ತದೆ. ನಾಳೆ ಆಗುವ ಹಿಂಸೆ ಇಂದಿನದಕ್ಕಿಂತ ದೊಡ್ಡದು. ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ಉಬ್ಬಸ, ಕೆಮ್ಮು ಮೊದಲಾದ ಶ್ವಾಸರೋಗಗಳು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಹೇಳಿದೆ. ಪಂಚೇಂದ್ರಿಯ ಜೀವವಾದ ಮಗುವೊಂದು ಉಸಿರಿಗೆ ಒದ್ದಾಡುತ್ತಿರುವಾಗ ‘ಏಕೇಂದ್ರಿಯವನ್ನು ಮುಟ್ಟೆನು’ ಎಂದು ಕುಳಿತುಕೊಳ್ಳುವುದು ಅಹಿಂಸೆಯಾಗದು. ಹಾಗೆಂದು, ತೆಗೆಯುವುದರಲ್ಲಿ ಪಾಪವೇ ಇಲ್ಲವೆನ್ನುವುದೂ ಸರಿಯಲ್ಲ. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂಬ ನಾಲ್ಕು ಬಗೆಯ ಹಿಂಸೆಗಳಲ್ಲಿ ಇದು ಆರಂಭೀ ಹಿಂಸೆ. ಗೃಹಸ್ಥನು ಇದನ್ನು ಪೂರ್ತಿಯಾಗಿ ತಪ್ಪಿಸಲಾರ. ಆದರೆ ಬೇಕಿಲ್ಲದೆ ಮಾಡಿದರೆ ಅದು ಅನರ್ಥದಂಡದ ಪ್ರಮಾದಚರ್ಯೆಯಾಗುತ್ತದೆ. ಆದಷ್ಟು ಕಡಿಮೆಯಾಗಿ, ಆಲೋಚಿಸಿ, ಪಶ್ಚಾತ್ತಾಪದಿಂದ ಮಾಡಬೇಕಾದ ಕಾರ್ಯವಿದು.

ಇಷ್ಟು ಹೇಳಿದರೂ ನನ್ನ ಮನಸ್ಸಿಗೆ ಸಮಾಧಾನವಾಗಿರಲಿಲ್ಲ. ಕಾರಣವಿಷ್ಟೆ: ಬೂಷ್ಟು ಗೋಡೆಗೆ ಬಂದದ್ದು ಹೇಗೆ? ತಾರಸಿಯಲ್ಲಿ ಒಂದು ಬಿರುಕು ಇತ್ತು. ಜ್ಯೇಷ್ಠ ಮಾಸದಲ್ಲಿಯೇ ಗಾರೆಯವನೊಬ್ಬನನ್ನು ಕರೆಸಿ ತೋರಿಸಿದ್ದೆನು. ಅವನು ಹೇಳಿದ ಹಣ ಹೆಚ್ಚೆನಿಸಿತು. ‘ದೀಪಾವಳಿಯಾಗಲಿ, ನೋಡೋಣ’ ಎಂದು ಕಳುಹಿಸಿದೆನು. ಹಣ ಇರಲಿಲ್ಲವೆಂದಲ್ಲ, ಬಿಡಲು ಮನಸ್ಸು ಬರಲಿಲ್ಲ. ಆ ಬಿರುಕಿನಿಂದ ಆಷಾಢ, ಶ್ರಾವಣಗಳ ಮಳೆ ಇಳಿಯಿತು, ಬೀರುವಿನ ಹಿಂದೆ ಬೂಷ್ಟು ಬೆಳೆಯಿತು, ಮಗು ಕೆಮ್ಮಿತು, ತಂದೆಯವರ ಅಕ್ಷರ ಅಳಿಯಿತು. ಅಂದಿನ ಧರ್ಮ ಉತ್ತಮ ಶೌಚವೆಂದು ಮೊದಲೇ ಹೇಳಿದೆನಷ್ಟೆ. ಶೌಚವೆಂದರೆ ಲೋಭದ ತ್ಯಾಗ. ಬಸದಿಯಲ್ಲಿ ಬೆಳಗ್ಗೆ ಅದರ ಅರ್ಥವನ್ನು ಹತ್ತು ಜನಕ್ಕೆ ಬಿಡಿಸಿ ಹೇಳಿ ಮನೆಗೆ ಬಂದವನು, ತನ್ನ ಲೋಭದಿಂದ ಹುಟ್ಟಿದ ಜೀವರಾಶಿಯನ್ನು ತನ್ನ ಕೈಯಿಂದಲೇ ಉಜ್ಜಿಹಾಕಿದೆನು. ಹಿಂಸೆ ನಡೆದುದು ಅಷ್ಟಮಿಯ ದಿನ. ಅದು ಆರಂಭವಾದುದು ಜ್ಯೇಷ್ಠದಲ್ಲಿ.

ಇದರಿಂದ ನನಗೆ ತಿಳಿದುಬಂದ ನಿರ್ಣಯವಿದು: ಬೂಷ್ಟಿನ ವಿಷಯದಲ್ಲಿ ಅಹಿಂಸೆಯ ಮೊದಲ ಹೆಜ್ಜೆ ತೇವವನ್ನು ನಿಲ್ಲಿಸುವುದು. ಹುಟ್ಟಲು ಅವಕಾಶಕೊಟ್ಟು ಆಮೇಲೆ ಕೊಲ್ಲಬೇಕೇ ಬೇಡವೇ ಎಂದು ಚರ್ಚಿಸುವುದಕ್ಕಿಂತ, ಹುಟ್ಟದಂತೆ ನೋಡಿಕೊಳ್ಳುವುದು ಶ್ರೇಷ್ಠ. ಶ್ರುತಪಂಚಮಿಯನ್ನು ಜ್ಯೇಷ್ಠ ಶುಕ್ಲ ಪಂಚಮಿಯಂದು ಆಚರಿಸುತ್ತೇವೆ. ಪುಷ್ಪದಂತ-ಭೂತಬಲಿ ಆಚಾರ್ಯರ ಷಟ್ಖಂಡಾಗಮವು ಪೂರ್ಣವಾದ ಸ್ಮರಣೆಯ ದಿನವದು. ಅಂದು ಗ್ರಂಥಗಳನ್ನು ಹೊರತೆಗೆದು, ಒರೆಸಿ, ಹೊಸ ವಸ್ತ್ರದಲ್ಲಿ ಕಟ್ಟುವ ಪದ್ಧತಿ ಮಳೆಗಾಲದ ಹೊಸ್ತಿಲಲ್ಲಿಯೇ ಬರುತ್ತದೆ. ಮೂಡಬಿದಿರೆಯಲ್ಲಿ ಧವಲಾದಿ ತಾಡವಾಲೆಗಳು ಕರಾವಳಿಯ ಮಳೆಯ ನಡುವೆಯೂ ಶತಮಾನಗಳ ಕಾಲ ಉಳಿದುಬಂದಿರುವುದು ಇಂತಹ ಕೈಗಳ ಎಚ್ಚರದಿಂದ. ಅದೇ ದಿನ ಗ್ರಂಥದ ಬೀರುವನ್ನಷ್ಟೇ ಅಲ್ಲದೆ ಅದರ ಹಿಂದಿನ ಗೋಡೆಯನ್ನೂ ಮೇಲಿನ ತಾರಸಿಯನ್ನೂ ನೋಡುವ ನಿಯಮವನ್ನು ನಾನು ಸ್ವೀಕರಿಸಿದ್ದೇನೆ. ಬೀರುವನ್ನು ಗೋಡೆಯಿಂದ ಒಂದು ಗೇಣು ದೂರವಿಡುವುದು, ಒದ್ದೆ ಬಟ್ಟೆಯನ್ನು ಮುಚ್ಚಿದ ಕೋಣೆಯಲ್ಲಿ ಒಣಹಾಕದಿರುವುದು, ಬಿಸಿಲು ಬಂದಾಗ ಕಿಟಕಿ ತೆರೆಯುವುದು, ಮಳೆಗೆ ಮುನ್ನ ಸುಣ್ಣ ಬಳಿಯುವುದು, ಇವೆಲ್ಲ ಅಹಿಂಸಾಣುವ್ರತದ ಅಂಗಗಳೇ. ಕುಣಿಗಲಿನ ದೊಡ್ಡಕೆರೆಯ ಕೆಳಗಿನ ತಗ್ಗಿನಲ್ಲಿ ನಮ್ಮ ತಂಗಿಯ ಮನೆಯಿದೆ. ನೆಲವೇ ತಣ್ಣನೆಯ ಆ ಮನೆಯಲ್ಲಿ ಅವಳು ಹಿಂದಿನಿಂದಲೂ ಇವನ್ನು ಪಾಲಿಸುತ್ತಾಳೆ. ‘ಇದರಲ್ಲೇನು ವ್ರತ ಅಣ್ಣ, ಮನೆಗೆಲಸ’ ಎನ್ನುತ್ತಾಳೆ. ಮನೆಗೆಲಸವೇ ವ್ರತವಾಗಿರುವುದು ಅವಳಿಗೆ ತಿಳಿದಿಲ್ಲ. ನನಗೆ ತಡವಾಗಿ ತಿಳಿಯಿತು.

ಬಂದುಬಿಟ್ಟ ಬೂಷ್ಟನ್ನು ಏನು ಮಾಡಿದೆವೆಂಬುದನ್ನೂ ಹೇಳಬೇಕು. ಮಗುವಿನ ಹಾಸಿಗೆಯನ್ನು ಅಂದೇ ಬೇರೆ ಕೋಣೆಗೆ ಸಾಗಿಸಿದೆವು. ಅದಕ್ಕೆ ಪರ್ವವೆಂದು ಕಾಯಲಿಲ್ಲ. ಆ ಕೋಣೆಯನ್ನು ಮುಚ್ಚಿ, ಗೋಡೆಯನ್ನು ಅನಂತ ಚತುರ್ದಶಿಯವರೆಗೆ ಮುಟ್ಟಲಿಲ್ಲ. ಕ್ಷಮಾವಣಿಯ ಮರುದಿನವೇ ಗಾರೆಯವನನ್ನು ಕರೆಸಿ ಬಿರುಕು ಮುಚ್ಚಿಸಿದೆನು. ಗೋಡೆ ಒಣಗಲು ಒಂದು ತಿಂಗಳ ಮೇಲೆ ಹಿಡಿಯಿತು. ಒಣಗುತ್ತ ಬಂದಂತೆ ಬೂಷ್ಟು ಹರಡುವುದು ತಾನಾಗಿಯೇ ನಿಂತಿತು. ಉಳಿದುದನ್ನು ಪೊರಕೆಯಿಂದ ಹೊಡೆಯದೆ, ಏಕೆಂದರೆ ಹಾಗೆ ಹೊಡೆದರೆ ಬೀಜಕಣಗಳು ಮನೆಯೆಲ್ಲ ಹಾರಿ ಬಿತ್ತನೆಯಾಗುತ್ತವೆ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಸೋಸಿದ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒಮ್ಮೆ ತೆಗೆದು ಗೋಡೆಯನ್ನು ಕೂಡಲೇ ಒಣಗಿಸಿದೆವು. ಗ್ರಂಥಗಳಿಗೆ ನೀರು ತಾಗಿಸಲಿಲ್ಲ. ನೆರಳುಗಾಳಿಯಲ್ಲಿ ಬಿಡಿಸಿಟ್ಟು ಒಣಗಿದ ಮೇಲೆ ಮೃದುವಾದ ಕುಂಚದಿಂದ ಹೊರಗಡೆಯೇ ತೆಗೆದೆವು. ಒಣಗಿದ ಬೂಷ್ಟಿನಲ್ಲಿ ಜೀವವಿರಲೇ ಇಲ್ಲವೆಂದು ನಾನು ಹೇಳಲಾರೆ. ಸಂಜೆ ಪ್ರತಿಕ್ರಮಣದಲ್ಲಿ ಅದನ್ನು ಹೆಸರಿಟ್ಟು ಹೇಳಿಕೊಂಡೆನು.

ಪ್ರೋಷಧೋಪವಾಸದ ಅತಿಚಾರಗಳನ್ನು ನಾವೆಲ್ಲ ಬಾಯಿಪಾಠ ಮಾಡಿರುತ್ತೇವೆ. ಐದರಲ್ಲಿ ಮೊದಲ ಮೂರು, ನೋಡದೆಯೂ ಮಾರ್ಜನ ಮಾಡದೆಯೂ ವಸ್ತುಗಳನ್ನು ಬಿಡುವುದು, ತೆಗೆದುಕೊಳ್ಳುವುದು, ಹಾಸುವುದು. ಅಲ್ಲಿನ ಪದಗಳ ಕ್ರಮವನ್ನು ನಾನು ಆ ದಿನದವರೆಗೆ ಗಮನಿಸಿರಲಿಲ್ಲ. ಮೊದಲು ಪ್ರತ್ಯವೇಕ್ಷಣ, ಆಮೇಲೆ ಪ್ರಮಾರ್ಜನ. ಮೊದಲು ನೋಟ, ಆಮೇಲೆ ಒರೆಸುವುದು. ನೋಟವಿಲ್ಲದ ಒರೆಸುವಿಕೆ ಶುಚಿಯ ಹೆಸರಿನ ಹಿಂಸೆಯಾಗಬಹುದು. ಅಂದು ಅನ್ನನೀರುಗಳನ್ನು ಬಿಟ್ಟಿದ್ದ ನಾನು ನೋಡುವುದನ್ನೂ ಬಿಟ್ಟಿದ್ದೆನು. ಒಂದು ಹೊತ್ತು ಉಂಡಿದ್ದ ಸೊಸೆ ನೋಡಿದಳು. ಉಪವಾಸ ಯಾರದು ಫಲಿಸಿತೆಂದು ಓದುಗರೇ ನಿರ್ಣಯಿಸಲಿ.

ತುಮಕೂರಿನ ಸಮೀಪದ ಮಂದಾರಗಿರಿಯ ತಪ್ಪಲಿನಲ್ಲಿ ಪಿಂಛಿಯ ಆಕಾರದಲ್ಲಿ 81 ಅಡಿ ಎತ್ತರದ ಗುರುಮಂದಿರವಿದೆ. ನಮ್ಮ ಓದುಗರಲ್ಲಿ ಅನೇಕರು ದರ್ಶನ ಮಾಡಿರುತ್ತಾರೆ. ಮುನಿಗಳ ಪಿಂಛಿಗೆ ಐದು ಗುಣಗಳನ್ನು ಶಾಸ್ತ್ರವು ಹೇಳುತ್ತದೆ: ಧೂಳನ್ನು ಹಿಡಿಯದಿರುವುದು, ಬೆವರನ್ನು ಹಿಡಿಯದಿರುವುದು, ಮೃದುತ್ವ, ಸುಕುಮಾರತೆ, ಲಘುತ್ವ. ನವಿಲುಗರಿಯ ಆ ಪಿಂಛಿಯನ್ನು ಹಿಡಿಯುವ ಅಧಿಕಾರ ಗೃಹಸ್ಥನಿಗಿಲ್ಲ. ಆದರೆ ಅದನ್ನು ಹಿಡಿದ ಮುನಿಗಳು ಬೀಸುವ ಮೊದಲು ಬಗ್ಗಿ ನೋಡುತ್ತಾರಲ್ಲ, ಆ ನೋಟವನ್ನು ನಮ್ಮ ಮನೆಯ ಒರೆಸುವ ಬಟ್ಟೆಗೂ ತರಲು ಯಾರ ಅಪ್ಪಣೆಯೂ ಬೇಡ. ಮುಂದಿನ ಶ್ರುತಪಂಚಮಿಯಂದು ಪ್ರತಿಯೊಂದು ಮನೆಯಲ್ಲಿಯೂ ಬೀರುವಿನ ಹಿಂದೆ ಒಮ್ಮೆ ದೀಪ ಹಿಡಿದು ನೋಡಿದರೆ ಈ ಲೇಖನ ಸಾರ್ಥಕ.

ತಂದೆಯವರ ಪುಸ್ತಕದ ಹನ್ನೊಂದು ಪುಟಗಳನ್ನು ಹೊಸ ಹಾಳೆಯಲ್ಲಿ ಬರೆಯಲು ತೊಡಗಿದ್ದೇನೆ. ನಾಲ್ಕು ಪುಟ ಓದಲು ಸಿಕ್ಕಿತು. ಉಳಿದ ಏಳು ಸಿಗಲಿಲ್ಲ.